ಅರಿಶಿನ ಕುಂಕುಮ ಇಟ್ಟ ಕಂಪ್ಯೂಟರ್

ಆಯುಧಪೂಜೆಯ ಹಿಂದಿನ ದಿನ ನನ್ನ ಹಳೇ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿದ್ದೆ. ಹಬ್ಬ ಮುಗಿದ ಮೇಲೆ ಹಾರ್ಡ್ ಡಿಸ್ಕ್ ಸಿಕ್ಕಿಸಿ, ಅದರಲ್ಲಿದ್ದ ಅಕ್ಕನ ಹಾಡುಗಳನ್ನು ಕಾಪಿ ಮಾಡಲು ಕೂತರೆ ಅರ್ಧಕ್ಕೇ ನಿಂತುಹೋಯಿತು. ಡಿಸ್ಕ್ ಡಿಸ್‌ಕನೆಕ್ಟ್ ಆಗಿದೆ ಎಂಬ ಮೆಸೇಜು. ತೀರಿಹೋದ ಅಕ್ಕನ ದನಿ ಉಳಿದಿರುವುದು ಆ ಡಿಸ್ಕಿನಲ್ಲಿ ಮಾತ್ರ.

ಅಕ್ಕ ನನ್ನ ಹಾಗೆ ಕಾನ್ವೆಂಟಿಗೆ ಹೋದವಳಲ್ಲ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮಗ್ಗದ ಸದ್ದನ್ನೂ ಮೀರಿ ಕೇಳುವಂತೆ ಹಸೆ ಹಾಡು ಹೇಳುತ್ತಿದ್ದಳು. ಸಿಂಗಿಂಗ್ ಕ್ಲಾಸಿನಲ್ಲಿ ಸಿಸ್ಟರ್ ನಮಗೆ "ಸಾಫ್ಟ್ಲಿ, ಗರ್ಲ್ಸ್" ಅನ್ನುತ್ತಾರೆ ಎಂದು ನಾನು ಹೇಳಿದರೆ ಅವಳಿಗೆ ನಗುವೋ ನಗು. ಆಯುಧಪೂಜೆ ಬಂದರೆ ಮಗ್ಗ, ಕತ್ತರಿ, ರೇಡಿಯೊ, ಕೊನೆಗೆ ನನ್ನ ಫೌಂಟನ್ ಪೆನ್ನಿಗೂ ಅರಿಶಿನ ಕುಂಕುಮ ಇಡುತ್ತಿದ್ದಳು. ಅವಳು ಹೋದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು.

ಸುದ್ದಿ ತಿಳಿದು ಅಕ್ಕನ ಮಗಳು ಸೂಲಿಬೆಲೆಯಿಂದ ಬಸ್ಸು ಹತ್ತಿ ಬಂದಳು. ಅಪ್‌ಗ್ರೇಡ್ ಆದ ಮೇಲೆ ತಾನೇ ಹೀಗಾಗಿದ್ದು, ಎಲ್ಲಾ ಅದರದೇ ಕಿತಾಪತಿ ಅಂದಳು. ಡ್ರೈವರ್ ಅಪ್‌ಡೇಟ್ ಮಾಡಿದಳು. ಪವರ್ ಸೇವಿಂಗ್ ಆಫ್ ಮಾಡಿದಳು. ಒಂದೊಂದೇ ಹಾಡು ಎಳೆದು ನೋಡಿದಳು. ಉಹೂಂ. ಕೊನೆಗೆ ವೈರು ಕಿತ್ತು, ಟಾರ್ಚ್ ಹಿಡಿದು, ಕಂಪ್ಯೂಟರ್ ಡಬ್ಬದ ಮುಂದಿನ ಯುಎಸ್‌ಬಿ ತೂತಿನೊಳಗೆ ಇಣುಕಿದಳು. ಹಳದಿ ಒಣಗಿ ಹಕ್ಕಳೆ ಕಟ್ಟಿತ್ತು.

"ಚಿಕ್ಕಮ್ಮ, ಇಲ್ಲಿಗೂ ಅರಿಶಿನ ಇಟ್ಟಿದ್ದೀರಾ?"

"ಒಳಗೆ ಇಡಲಿಲ್ಲ ಕಣೇ. ಮುಂದುಗಡೆ ಹಚ್ಚಿದ್ದು ಜಾರಿರಬೇಕು."

"ಪಾಪ, ಅಪ್‌ಗ್ರೇಡನ್ನ ಸುಮ್ಮನೆ ಬೈದ್ವಿ. ನೀವು ನಮ್ಮಮ್ಮನ ತಂಗೀನೇ ಬಿಡಿ."

ವೈರಿನ ತುದಿಗೆ ಮೆತ್ತಿದ್ದನ್ನು ಒರೆಸಿ, ಹಿಂದುಗಡೆಯ ಪೋರ್ಟಿಗೆ ಸಿಕ್ಕಿಸಿದಳು. ಸ್ಕ್ರೀನಿನ ಹಸಿರು ಪಟ್ಟಿ ಅರ್ಧ ದಾಟಿತು. ಪಟ್ಟಿ ತುಂಬಿದ ಮೇಲೆ ಒಂದು ಹಾಡು ಹಚ್ಚಿದಳು. ಅದೇ ಗಂಟಲು. ನುಡಿಯ ನಡುವೆ ಹಾಡು ನಿಂತು, ಅಕ್ಕನ ಗದರಿಕೆ: "ಏ, ಆಫ್ ಮಾಡೇ ಅದನ್ನ. ನಲ್ಲೀಲಿ ನೀರು ಬಂತು."

ಆ ತುಣುಕನ್ನು ಎಡಿಟ್ ಮಾಡಿಸಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಈಗ ಅದನ್ನೇ ಮತ್ತೆ ಹಾಕು ಅಂದೆ.

ಹಾಡುಗಳು ನನ್ನ ಕಂಪ್ಯೂಟರಿನಲ್ಲಿ ಉಳಿದವು, ಡಿಸ್ಕು ಅವಳ ಜೊತೆ ಹೊರಟಿತು. ಹೊರಡುವ ಮುಂಚೆ ಅವಳ ಹಣೆಗೆ ಕುಂಕುಮ ಇಟ್ಟು, ಡಿಸ್ಕಿನ ಬೆನ್ನಿಗೂ ಒಂದು ಬೊಟ್ಟು ಇಟ್ಟೆ. ವೈರು ಸಿಕ್ಕಿಸುವ ಜಾಗವನ್ನು ಅವಳು ಹೆಬ್ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ ಹಿಡಿದಿದ್ದಳು.