ಮೀಸೆ ತಟ್ಟಿ ಕೇಳುವ ಊಟ

ಪತ್ರಿಕಾ ಕಚೇರಿಯ ಮೇಜಿನ ಮುಂದೆ ಕೂತು ಇಪ್ಪತ್ತೆಂಟು ವರ್ಷ ಊರವರ ಸುಳ್ಳಿಗೆಲ್ಲ ಗೆರೆ ಎಳೆದವನು ನಾನು. ನನ್ನದೊಂದು ಸುಳ್ಳು ಮಾತ್ರ ತಿದ್ದುಪಡಿ ಕಾಣದೆ ಉಳಿದಿತ್ತು. ಯಾರಾದರೂ ‘ಊಟ ಆಯ್ತಾ?’ ಎಂದರೆ, ಆಗದಿದ್ದರೂ ‘ಆಯ್ತು’ ಅನ್ನುವುದು. ಇಲ್ಲ ಎಂದರೆ ಕೇಳಿದವರಿಗೆ ಸುಮ್ಮನೆ ತೊಂದರೆ ಎಂಬ ಸಂಕೋಚ.

ತ್ಯಾಮಗೊಂಡ್ಲು ಹೋಬಳಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ ಜಯಮ್ಮ ದಿನಾ ಕೇಳುತ್ತಾರೆ. ದಿನಾ ಆ ಸುಳ್ಳನ್ನು ಕೇಳಿಸಿಕೊಳ್ಳುತ್ತಾರೆ. ಅವರ ತೋಟದಲ್ಲಿ ಎರಡು ಜೇನುಪೆಟ್ಟಿಗೆಗಳಿವೆ. ಈ ಸಲದ ಜಡಿಮಳೆಯಲ್ಲಿ ಹೂವಿಲ್ಲದೆ ಒಂದು ಪೆಟ್ಟಿಗೆಯ ಹುಳುಗಳು ಸೊರಗಿದ್ದವು. ಅಂಥ ಹೊತ್ತಿನಲ್ಲೇ ಅವರು ಎರಡು ದಿನದ ಮಟ್ಟಿಗೆ ಜಡಿಗೇನಹಳ್ಳಿಯ ಮಗಳ ಮನೆಗೆ ಹೊರಟರು.

“ಕರಟಕ್ಕೆ ಸಕ್ಕರೆ ಪಾಕ ಹುಯ್ದು, ಮುಳುಗದಂಗೆ ಎರಡು ಕಡ್ಡಿ ಹಾಕಿ ಸಂಜೆ ಪೆಟ್ಟಿಗೆ ಒಳಗಿಡಿ ಸಾರ್. ಇಲ್ದಿದ್ರೆ ಅವು ಉಳಿಯಲ್ಲ.”

ಇಟ್ಟೆ. ಕರಟದ ಸುತ್ತ ಎಂಟೋ ಹತ್ತೋ ಹುಳುಗಳು. ಉಳಿದವು ಜೇನುತಟ್ಟಿಯ ಮೇಲೆ ಸುಮ್ಮನಿದ್ದವು. ಎರಡೂ ಪಕ್ಷಕ್ಕೆ ಸಮ ಜಾಗ ಕೊಟ್ಟು ರೂಢಿಯಾದ ನನಗೆ ಇದು ಅನ್ಯಾಯ ಅನ್ನಿಸಿತು. ಮರುದಿನ ಬೆಳಿಗ್ಗೆ ಮಳೆ ಬಿಟ್ಟಾಗ, ಎಲ್ಲಕ್ಕೂ ಸಿಗಲೆಂದು, ಪೆಟ್ಟಿಗೆಯ ಬಾಗಿಲಿಗೆಲ್ಲ ಧಾರಾಳವಾಗಿ ಪಾಕ ಬಳಿದೆ. ಸ್ವಲ್ಪ ಹೊತ್ತಿಗೇ ಇನ್ನೊಂದು ಪೆಟ್ಟಿಗೆಯ ಬಲವಾದ ಹುಳುಗಳು ದಂಡುಗಟ್ಟಿ ಬಂದು ಒಳಗೆ ನುಗ್ಗತೊಡಗಿದವು. ಬಾಗಿಲಲ್ಲಿ ಕಾದಾಟ, ಹಲಗೆಯ ಮೇಲೆ ಹೆಣಗಳು. ಹೆದರಿ ಜಯಮ್ಮನಿಗೆ ಫೋನ್ ಮಾಡಿದೆ.

“ಅಯ್ಯೋ, ಹೊರಗ್ಯಾಕೆ ಬಳಿದ್ರಿ ಸಾರ್! ಆ ಪೆಟ್ಟಿಗೆಯವು ದೋಚ್ಕೊಂಡು ಹೋಗ್ತವೆ. ನೀರಾಕಿ ತೊಳೀರಿ. ಬಾಗಿಲಿಗೆ ಬಟ್ಟೆ ತುರುಕಿ ಒಂದು ಹುಳ ನುಸುಳೋ ಅಷ್ಟೇ ಜಾಗ ಬಿಡಿ. ಒಳಗೆ ಅವೇ ಹಂಚ್ಕೊತವೆ, ನಿಮಗ್ಯಾಕೆ ಪಂಚಾಯ್ತಿ!”

ತೊಳೆದೆ, ತುರುಕಿದೆ. ಮೂರು ಬೆರಳು ಊದಿಸಿಕೊಂಡು ಸಂಜೆವರೆಗೆ ಕಾವಲು ಕೂತೆ.

ಮೂರನೆಯ ದಿನ ಜಯಮ್ಮ ಬಂದವರೇ ಮುಚ್ಚಳ ತೆಗೆದರು. ನಾನೂ ಬಗ್ಗಿ ನೋಡಿದೆ. ಗೂಡು ಉಳಿದಿತ್ತು.

“ಇಲ್ನೋಡಿ. ಇಂಗೆ ಮೀಸೆ ತಟ್ಟಿದ್ರೆ ಹಸಿವಾಗೈತೆ ಅಂತ.”

ಎರಡು ಹುಳುಗಳು ಎದುರುಬದುರು ನಿಂತು ಮೀಸೆಗೆ ಮೀಸೆ ತಾಗಿಸುತ್ತಿದ್ದವು. ಒಂದು ಬಾಯಿ ತೆರೆಯಿತು. ಇನ್ನೊಂದು ಅದರೊಳಗೆ ನಾಲಗೆ ಚಾಚಿ ಕುಡಿಯಿತು. ಕುಡಿದದ್ದು ಸರಿದು ಹೋಗಿ ಮತ್ತೊಂದಕ್ಕೆ ತಾನೇ ಬಾಯಿ ತೆರೆಯಿತು. ಕಾವಲು ಕೂತಾಗ ತಿರುವಿದ ಪುಸ್ತಕದ ಮಾತು ನೆನಪಾಯಿತು: ಹಂಚಲೆಂದೇ ಹುಳುವಿನ ಒಳಗೆ ಬೇರೆ ಚೀಲವಿದೆ, ಕುಡಿದದ್ದೆಲ್ಲ ಸ್ವಂತ ಹೊಟ್ಟೆಗಲ್ಲ. ಮೀಸೆಯ ಈ ದುಡಿಮೆಗಾರರೆಲ್ಲ ಹೆಣ್ಣುಗಳು ಎಂಬುದನ್ನೂ ದಾಖಲಿಸಬೇಕು. ಹಸಿದೂ ‘ಆಯ್ತು’ ಅನ್ನುವ ಸಭ್ಯ ಹುಳುಗಳು ಅಲ್ಲಿದ್ದಿದ್ದರೆ ಗೂಡಿಗೆ ತನ್ನ ಹಸಿವೇ ತಿಳಿಯುತ್ತಿರಲಿಲ್ಲ. ದಿನಾ ಕೇಳುವವರೊಬ್ಬರು ನನಗಿದ್ದಾರೆ; ಅದಕ್ಕೆ ನಾನು ಕೊಟ್ಟ ಮರ್ಯಾದೆ ಆ ಸುಳ್ಳು!

ಮುಚ್ಚಳ ಮುಚ್ಚಿ ಜಯಮ್ಮ ಕೇಳಿದರು: “ಊಟ ಆಯ್ತಾ ಸಾರ್?”

“ಇಲ್ಲ” ಎಂದೆ.

ಅರ್ಧ ಗಂಟೆಯಲ್ಲಿ ಮುದ್ದೆ, ಉಪ್ಸಾರು ಎದುರಿಗಿದ್ದವು.

“ಇಷ್ಟು ದಿನ ಆಯ್ತು ಆಯ್ತು ಅಂತಿದ್ರಲ್ಲ, ನಿಜವಾಗ್ಲೂ ಆಗಿರ್ತಿತ್ತಾ?”

ತಿದ್ದುಪಡಿ ಕೊಡಬೇಕಿತ್ತು. ಬಾಯಲ್ಲಿ ಮುದ್ದೆ ಇತ್ತು. ಊದಿದ ಬೆರಳುಗಳನ್ನೇ ಎತ್ತಿ, ಆಗಿರಲಿಲ್ಲವೆಂದು ಆಡಿಸಿದೆ. ಜಯಮ್ಮ ಇನ್ನೊಂದು ಸೌಟು ಸಾರು ಬಿಟ್ಟರು.