ಡ್ರೈವರ್ ಕಾಕಾ ನಡೆದ ತೋಟ

ಮೊನ್ನೆ ನರಗುಂದದ ಬಸ್ ಸ್ಟ್ಯಾಂಡಿನಲ್ಲಿ ಹೂವಿನಾಕೆ ಮಾಲೆ ಕಟ್ಟುತ್ತಿದ್ದಾಗ ಮರುಗದ ಕಡ್ಡಿಯೊಂದು ನನ್ನ ಕಾಲ ಬಳಿ ಉದುರಿತು. ಎತ್ತಿಕೊಂಡು ಸುಮ್ಮನೆ ಬೆರಳಲ್ಲಿ ತಿಕ್ಕಿದೆ. ಆ ವಾಸನೆ ಮೂಗಿಗೇರುತ್ತಲೇ ಡ್ರೈವರ್ ಕಾಕಾ ಎದುರಿಗೆ ಬಂದು ನಿಂತಂತಾಯಿತು... ಬಲಗೈಯಲ್ಲಿ ಬಡಿಗೆ, ಎಡಗಾಲು ತುಸು ಹಿಂದೆ.

ಅವರು ನನ್ನ ಸಂಬಂಧಿಕರಲ್ಲ. ರೋಣ, ನರಗುಂದ, ಗಜೇಂದ್ರಗಡದ ದಾರಿಗಳಲ್ಲಿ ವರ್ಷಾನುಗಟ್ಟಲೆ ಬಸ್ಸು ಓಡಿಸಿದವರು, ಸುತ್ತಲಿನ ಹಳ್ಳಿಗಳಿಗೆಲ್ಲ ಕಾಕಾ. ಸಾಲಿಗೆ ಹೋಗುವಾಗ ನಾನೂ ಅವರ ಬಸ್ಸಿನಲ್ಲೇ ಓಡಾಡಿದವಳು. ಮುಂದೆ ತೋಟಗಾರಿಕೆ ಓದಿ, ನರಗುಂದದಲ್ಲಿ ಸಣ್ಣ ನರ್ಸರಿ ಹಾಕಿ, ಮನೆಗಳಿಗೆ ತೋಟ ಮಾಡಿಕೊಡುತ್ತೇನೆಂದು ಬೋರ್ಡು ಹಚ್ಚಿದೆ. ಆಗ ಮೊದಲು ಬಂದ ಗಿರಾಕಿ ಅವರ ಹೆಂಡತಿ, ಕಾಕಿ.

ಕಾಕಾಗೆ ಲಕ್ವಾ ಹೊಡೆದು ಎಡಗಡೆಯ ಕೈಕಾಲು ಸೋತಿದ್ದವು. ದಿನಾ ನಡೆಯಲೇಬೇಕು ಎಂದು ಡಾಕ್ಟರು ಹೇಳಿದ್ದರೂ ಅವರು ಹೊಸ್ತಿಲು ದಾಟುತ್ತಿರಲಿಲ್ಲ.

"ಕಾಲು ಎಳಕೋತ ಹೋಗೂದು ಮಂದಿ ನೋಡ್ತಾರ ಅಂತಾರವ್ವಾ. ಹಿಂಗ ಬಿಟ್ರ ಕುಂತಲ್ಲೇ ಉಳೀತಾರ," ಎಂದರು ಕಾಕಿ.

ರೋಣದ ಹೊರಗೆ, ಗಜೇಂದ್ರಗಡದ ರಸ್ತೆಗೆ ಹತ್ತಿಕೊಂಡು ಅವರ ಮನೆ. ಪಕ್ಕದಲ್ಲಿ ಖಾಲಿ ಜಾಗ ಬಿದ್ದಿತ್ತು. ಕಾಕಾ ನಡೆದಾಡುವಂಥ ತೋಟ ಅಲ್ಲಿ ಆಗಬೇಕಿತ್ತು.

ನಾನು ಬಣ್ಣ ತುಂಬಿದ ನಕಾಶೆ ಮಾಡಿಕೊಂಡು ಹೋದೆ. ನಡುವೆ ಸೀದಾ ಫರಸಿಕಲ್ಲಿನ ದಾರಿ, ಅತ್ತಿತ್ತ ಹುಲ್ಲು, ತುದಿಗೆ ಕೂರಲು ಕಟ್ಟೆ. ಕಾಕಾ ನೋಡಿ ಪಕ್ಕಕ್ಕಿಟ್ಟರು.

"ಇದು ಬ್ಯಾಡ ತಂಗಿ. ಸೀದಾ ದಾರಿ ಇದ್ರ ನಿದ್ದಿ ಬರ್ತದ. ತಿರುವು ಇರಬೇಕು. ಮತ್ತ... ರಸ್ತಾದಾಗಿನವ್ರಿಗೆ ನಾ ಕಾಣಬಾರದು."

ಕಾಗದ ಬಿಟ್ಟು ನೆಲದ ಮೇಲೆಯೇ ಸುಣ್ಣದ ಪುಡಿಯಿಂದ ದಾರಿ ಬರೆದೆ. ರಸ್ತೆಯವರಿಗೆ ಕಾಣದಷ್ಟು ಮಬ್ಬಾದ ಮೇಲೆ ಕಾಕಿಯ ಹೆಗಲು ಹಿಡಿದು ಅವರು ಇಳಿದು ಬಂದರು. ಮೊದಲ ತಿರುವಿನಲ್ಲೇ ಕಾಲು ತೊಡರಿತು. "ಗಾಡಿ ತಿರಗವಲ್ದು. ಇನ್ನಷ್ಟು ಅಗಲ ಮಾಡು," ಎಂದರು. ನಾನು ಚಪ್ಪಲಿಯಿಂದ ಗೆರೆ ಅಳಿಸಿ ಮತ್ತೆ ಬರೆದೆ. ಎಷ್ಟೋ ಸಂಜೆ ಹೀಗೇ ನಡೆಯಿತು... ನಾನು ಬರೆಯುವುದು, ಅವರು ನಡೆದು ನೋಡುವುದು, ಇಬ್ಬರೂ ಜಗಳಾಡುವುದು.

ದೊಡ್ಡ ಜಗಳವಾದದ್ದು ಕಬ್ಬಿಣದ ಕಂಬಿಯ ವಿಷಯಕ್ಕೆ. ಎಡಗಡೆ ಹಿಡಿದುಕೊಳ್ಳಲು ಒಂದು ಬೇಕೆಂದೆ. "ನಾ ಏನ್ ದವಾಖಾನ್ಯಾಗ ಇದ್ದೇನೇನು?" ಎಂದು ಸಿಟ್ಟಾದರು.

"ಕಂಬಿ ಬ್ಯಾಡಂದ್ರ ಬಿಡ್ರಿ. ಆದ್ರ ಕೈ ಊರಾಕ ಏನರ ಬೇಕ ಬೇಕು. ಇದ್ರಾಗ ನಾ ಕೇಳಂಗಿಲ್ಲ," ಎಂದೆ. ದಾರಿಯುದ್ದಕ್ಕೂ ಎಡಕ್ಕೆ ಸೊಂಟದೆತ್ತರ ಕಲ್ಲಿನ ಗೋಡೆ ಕಟ್ಟಿಸಿ, ಮೇಲೆ ಮಣ್ಣು ತುಂಬಿ ಮರುಗ ಹಚ್ಚಿದೆ. ಸೋತ ಕೈ ಅದರ ಮೇಲೆ ಸರಿಯುತ್ತ ಹೋಗಬೇಕು, ಸರಿದಲ್ಲೆಲ್ಲ ವಾಸನೆ ಏಳಬೇಕು. ದಾರಿಯ ಎರೆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆಂದು ಅದನ್ನು ತೆಗೆಸಿ ಗರಸು ಮಣ್ಣು ಹಾಕಿ ಗಟ್ಟಿಯಾಗಿ ಬಡಿಸಿದೆ. ರಸ್ತೆಯ ಕಡೆ ಒತ್ತಾಗಿ ದಾಸವಾಳ ನೆಟ್ಟೆ.

ದಾಸವಾಳ ಆಳೆತ್ತರ ಬೆಳೆಯಿತು. ಅದರ ಮರೆಯಲ್ಲಿ ಕಾಕಾ ನಡೆದರು. ಮೊದಲು ಕಾಕಿಯನ್ನು ಹಿಡಿದು, ಆಮೇಲೆ ಗೋಡೆ ಹಿಡಿದು, ಕೊನೆಗೆ ಬಡಿಗೆಯೊಂದೇ. ಒಂದು ದಿನ ಕಾಕಾನ ಫೋನು ಬಂತು. "ದಾಸವಾಳ ಕತ್ತರಸೂದೈತಿ. ಲಗೂ ಬಾ."

ಹೋದೆ. "ಎಲ್ಲೀತನಕಾ ಕತ್ತರಸೂಣ್ರಿ?" ಎಂದರೆ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ತೋರಿಸಿದರು.

"ರಸ್ತಾಕ್ಕ ಕಾಣತೀರಲ್ರಿ ಕಾಕಾ?"

"ಕಾಣಲಿ. ನಡಿಯೂದು ಕಾಣಲಿ."

ಕತ್ತರಿಸಿದ ಟೊಂಗೆ ಇನ್ನೂ ಬಳಿದು ತೆಗೆದಿರಲಿಲ್ಲ, ಗಜೇಂದ್ರಗಡದ ಬಸ್ಸು ಬಂತು. ಕಾಕಾನ ಕೈಕೆಳಗೆ ಪಳಗಿದ ಡ್ರೈವರು ಬಸ್ಸು ನಿಧಾನ ಮಾಡಿ ಉದ್ದಕ್ಕೆ ಹಾರ್ನ್ ಹೊಡೆದ. "ಆರಾಮ್ ಅದೀರೇನ್ರಿ ಕಾಕಾ?" ಎಂದು ಕಿಟಕಿಯಿಂದ ತಲೆ ಹಾಕಿ ಕೂಗಿದ. ಕಾಕಾ ಬಡಿಗೆಯನ್ನು ಎಡ ಬಗಲಲ್ಲಿ ಇರುಕಿಸಿಕೊಂಡು, ಏನನ್ನೂ ಹಿಡಿಯದೆ ನಿಂತು, ಬಲಗೈ ಎತ್ತಿದರು. ಏನಾಯಿತೋ ಎಂದು ಒಳಗಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದ ಕಾಕಿ, ಬಾಗಿಲಲ್ಲಿ ಹಾಗೇ ನಿಂತುಬಿಟ್ಟರು.

ಆಮೇಲೂ ಕೆಲವು ವರ್ಷ ಅವರು ಅಲ್ಲಿ ನಡೆದರು. ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಕಾಕಿ ಬೆಳವಣಕಿಯ ಮಗಳ ಮನೆಯಲ್ಲಿದ್ದಾರೆ, ಮೊಮ್ಮಕ್ಕಳ ನಡುವೆ ಚಲೋ ಇದ್ದಾರೆ. ರಸ್ತೆ ಅಗಲವಾದಾಗ ತೋಟವೆಲ್ಲ ಅದರಡಿ ಹೋಯಿತು. ಈಗ ಆ ದಾರಿಯಲ್ಲಿ ಹೋದರೆ ಯಾವ ತಿರುವು ಎಲ್ಲಿತ್ತೆಂದು ನನಗೇ ಗೊತ್ತಾಗುವುದಿಲ್ಲ.

ಅಬ್ಬಿಗೇರಿ, ಗಜೇಂದ್ರಗಡ, ಎಲ್ಲ ಕಡೆ ಈಗ ನನ್ನ ತೋಟಗಳಿವೆ. ಕೆಲಸ ನನಗೆ ಬರುತ್ತದೆ, ಅದರಲ್ಲಿ ಸಂಶಯವಿಲ್ಲ. ಜನ ಮೊಬೈಲಿನಲ್ಲಿ ಫೋಟೋ ತೋರಿಸಿ "ಹಿಂಗ ಮಾಡ್ರಿ ಮೇಡಂ" ಅನ್ನುತ್ತಾರೆ. ನಕಾಶೆ ಬಿಚ್ಚಿದರೆ ಎಲ್ಲರೂ ಒಮ್ಮೆಲೇ ಹೂಂ ಅನ್ನುತ್ತಾರೆ. ನಾನು ಮಾತ್ರ ಅದನ್ನು ಮಡಚದೆ ಸ್ವಲ್ಪ ಹೊತ್ತು ಕಾಯುತ್ತೇನೆ... ಯಾರೂ ಜಗಳ ತೆಗೆಯುವುದಿಲ್ಲ.