ಹಣೆಯ ಸುಳಿ

ಕಳೆದ ವಾರ ನಿಪ್ಪಾಣಿ ದಾಟಿದ ಮೇಲೆ ಹೆದ್ದಾರಿ ಪಕ್ಕದ ಹೊಸ ಖಾನಾವಳಿಯೊಂದರಲ್ಲಿ ಊಟಕ್ಕೆ ಕೂತಿದ್ದೆ. ಎದುರಿನ ಗೋಡೆಗೆ ಎತ್ತಿನ ತಲೆಬುರುಡೆಯೊಂದನ್ನು ತೂಗುಹಾಕಿದ್ದರು. ವಾರ್ನಿಷ್ ಬಳಿದು, ಕೋಡುಗಳ ತುದಿಗೆ ಹಿತ್ತಾಳೆಯ ಅಣಸು ತೊಡಿಸಿ, ಕೆಳಗೊಂದು ಸಣ್ಣ ದೀಪ ಇಟ್ಟಿದ್ದರು. ರೊಟ್ಟಿ ಬಂತು, ತಿನ್ನಲಾಗಲಿಲ್ಲ. ಬಟ್ಟೆ ಸೋಡಾ ಕುದಿಯುವ ವಾಸನೆ ಮೂಗಿಗೆ ಬಂದಂತಾಯಿತು. ಅಲ್ಲಿ ಅಂಥ ವಾಸನೆ ಇರಲು ಸಾಧ್ಯವಿರಲಿಲ್ಲ...

ಕಾಕಾ ಎಂದು ಕರೆಯುತ್ತಿದ್ದೆವಾದರೂ ಅವರು ನಮಗೆ ಸಂಬಂಧಿಯಲ್ಲ. ಅಥಣಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಧಾರವಾಡದಲ್ಲಿ ಓದು ಮುಗಿಸಿ ನಾನು ಮನೆಯಲ್ಲಿದ್ದ ದಿನಗಳವು. ಆ ಹೊತ್ತಿಗೆ ಕಾಕಾನ ಕಣ್ಣು ಪೂರ್ತಿ ಹೋಗಿತ್ತು. ನರ ಒಣಗಿದೆ ಎಂದು ಮಿರಜದ ಡಾಕ್ಟರು ಹೇಳಿ ಕಳಿಸಿದ್ದರು. ಹೊಲಕ್ಕೆ ಟ್ರ್ಯಾಕ್ಟರ್ ಬಂದ ಮೇಲೂ ಅವರು ಕೆಲಸವಿಲ್ಲದ ಒಂದು ಬಿಳಿ ಖಿಲಾರಿ ಎತ್ತನ್ನು ಇಟ್ಟುಕೊಂಡಿದ್ದರು. ಅದರ ಹೆಸರು ಸರ್ಜಾ. ಹಣೆಯಲ್ಲಿ ಒಂದರ ಪಕ್ಕ ಒಂದು, ಎರಡು ಕೂದಲ ಸುಳಿ. ಅಂಥದ್ದು ಮನೆಗೆ ಆಗಿಬರುವುದಿಲ್ಲವೆಂದು ಸಂತೆಯಲ್ಲಿ ಯಾರೂ ಮುಟ್ಟದ ಕರುವನ್ನು ಕಾಕಾ ಹೊಡೆದುಕೊಂಡು ಬಂದಿದ್ದರಂತೆ. ಕಣ್ಣು ಹೋದ ಮೇಲೆ ಮೇವು ಹಾಕುವ ಗೋದಲಿಯ ಅಂಚಿನಲ್ಲಿ ಕೂತು, ಬೆರಳಿನಿಂದ ಆ ಸುಳಿಗಳನ್ನು ಸುತ್ತುತ್ತಿದ್ದರು. ನಾನು ನಿಜಕ್ಕೂ ನೋಡಿದ್ದೆನೋ, ಬರೀ ಕೇಳಿದ್ದೆನೋ? ನೋಡಿದ್ದೆ ಎಂದೇ ಅನಿಸುತ್ತದೆ.

ಚಳಿಗಾಲದ ಕೊನೆಗೆ ಎತ್ತು ಸತ್ತಿತು. ಮನೆಯ ಹಿರಿಯರನ್ನು ಮಣ್ಣು ಮಾಡಿದಂತೆಯೇ ವಿಭೂತಿ ಹಚ್ಚಿ, ಉಪ್ಪು ಸುರಿದು ಮಡ್ಡಿಯ ಒಣ ಹೊಲದಲ್ಲಿ ಹುಗಿದರು. ಉಪ್ಪು ಹಾಕಿದರೆ ಮೈ ಬೇಗ ಮಣ್ಣಾಗುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಕಾಕಾ ಮತ್ತೆ ಮತ್ತೆ ಉಪ್ಪಿನ ಚೀಲ ತರಿಸಿ, ತಲೆಯ ಸುತ್ತ ತಾವೇ ಕೈಯಿಂದ ತುಂಬಿದರು. ಮಳೆಗಾಲಕ್ಕೆ ಮೊದಲು ಬುರುಡೆ ಸ್ವಚ್ಛವಾಗಿ ಸಿಗಬೇಕು, ಪಡಸಾಲೆಯ ಗೋಡೆಯಲ್ಲಿ ತಮ್ಮ ಕೈಗೆ ಎಟಕುವಷ್ಟು ಎತ್ತರದಲ್ಲಿ ಅದು ಇರಬೇಕು. ಅವರಿಗೆ ಬೇಕಾಗಿದ್ದು ಅಷ್ಟೇ.

ಫೋಟೋ ದೊಡ್ಡದು ಮಾಡಿಸಿ ಕೊಡುತ್ತೇನೆ ಎಂದೆ.

"ಫೋಟೋ ತಗೊಂಡ ಏನ ಮಾಡ್ಲಿ ಬೇ ತಂಗಿ, ಅದು ಕೈಗಿ ಹತ್ತೂದಿಲ್ಲ," ಎಂದರು ಕಾಕಾ.

ಅವರ ಹೆಂಡತಿ, ನಮ್ಮ ಕಾಕು, ಒಲೆಯ ಮುಂದಿನಿಂದಲೇ, "ಕಣ್ಣ ಇದ್ದಾಗ ನನ್ನ ಮಾರಿ ಒಮ್ಮೇರ ನೆಟ್ಟಗ ನೋಡ್ಲಿಲ್ಲ ಇವ್ರು. ಈಗ ಎತ್ತಿನ ಮಾರಿ ಬೇಕಾಗೇತಿ," ಎಂದರು.

"ನಿನ್ನ ದನಿ ದಿನಾ ಕೇಳಾಕತ್ತೇನಲ್ಲ, ಸಾಕ."

ಮುಂಗಾರಿನ ಮೋಡ ಕಾಣಿಸುವ ಹೊತ್ತಿಗೆ ಅಗೆಸಿದರು. ನಾನೂ ಹೋಗಿದ್ದೆ. ಬಿಳಿ ಎಲುಬು ಬರುತ್ತದೆಂದು ಕಾದಿದ್ದೆವು. ಬಂದದ್ದು ಮುಖ. ಅಷ್ಟೊಂದು ಉಪ್ಪು, ಬಿಸಿಲಿಗೆ ಕಾದ ಒಣ ಗರಸು ಮಣ್ಣು... ತೊಗಲು ಕೊಳೆಯದೆ ಬಿಗಿದು ಎಲುಬಿಗೆ ಅಂಟಿ ಕೂತಿತ್ತು. ಕಣ್ಣಿನ ಜಾಗದಲ್ಲಿ ಮಣ್ಣು ತುಂಬಿತ್ತು. ಅಗೆಯುವವನು ಗುದ್ದಲಿ ಬಿಟ್ಟು ದೂರ ಸರಿದ. ಕಾಕಾ ಮೊಣಕಾಲೂರಿ ಕೈ ಇಟ್ಟರು. ಬೆರಳು ಹಣೆಯ ಮೇಲೆ ನಿಂತಿತು, ಸುತ್ತಿತು.

"ಅದಾವಲ್ಲ. ಎರಡೂ ಅದಾವ."

ನಗುತ್ತಿದ್ದರು.

ಹಾಗೆಯೇ ಅದನ್ನು ಒಳಗೆ ತರುವಂತಿರಲಿಲ್ಲ. ಹಿತ್ತಲಿಗೆ ತಂದೊಡನೆ ನೊಣ ಮುತ್ತಿದವು. ನಾವು ಜೈನರು, ನಮ್ಮ ಅವ್ವ ಆ ಕಡೆಯ ಕಿಟಕಿ ಮುಚ್ಚಿ, ಒಲೆ ಹೊತ್ತಿಸದೆ ಕೂತಳು. ನೀರಿನಲ್ಲಿ ಮುಳುಗಿಸಿಟ್ಟರೆ ಕೆಲವು ತಿಂಗಳಲ್ಲಿ ತೊಗಲು ತಾನೇ ಬಿಡುತ್ತದೆಂದು ನಾನು ಫೋನಿನಲ್ಲಿ ಓದಿ ಹೇಳಿದೆ. "ಅಲ್ಲೀತನಾ ಈ ನಾತ ಯಾರ ತಡೀಬೇಕು?" ಎಂದು ಕಾಕು ಹಂಡೆ ಇಟ್ಟು, ಬಟ್ಟೆ ಸೋಡಾ ಸುರಿದರು. ಕಾಕಾ ಬೇಡವೆನ್ನಲಿಲ್ಲ. ತೊಗಲು ಹೋದರೆ ಸುಳಿಯೂ ಹೋಗುತ್ತದೆಂದು ಅವರಿಗೆ ಹೊಳೆಯಲಿಲ್ಲವೇ? ಅಷ್ಟು ವರ್ಷದ ಸುಳಿ ಎಲುಬಿಗೂ ಇಳಿದಿರುತ್ತದೆ ಎಂದುಕೊಂಡಿದ್ದರೇ? ಈಗ ಇಷ್ಟು ಪ್ರಶ್ನೆ ಏಳುತ್ತವೆ. ಆಗ ಯಾರಿಗೂ ಏಳಲಿಲ್ಲ.

ಸಂಜೆಗೆ ತೊಗಲು ಸೀಳುಸೀಳಾಗಿ ಬಂತು. ಕೋಡುಗಳೂ ಸಡಿಲಾಗಿ ಟೋಪಿಯಂತೆ ಕಳಚಿದವು. ಒಳಗೆ ತೂತುತೂತಾದ ಗಿಡ್ಡ ಎಲುಬು. ಬಿಸಿಲಿಗಿಟ್ಟು ಒಣಗಿಸಿದ ಮೇಲೆ ಬುರುಡೆ ಬೆಳ್ಳಗೆ, ಚೆಂದವಾಗಿಯೇ ಇತ್ತು. ಕಾಕು ಕೋಡುಗಳನ್ನು ಮತ್ತೆ ಸಿಕ್ಕಿಸಿ, ಕಾಕಾನ ತೊಡೆಯ ಮೇಲಿಟ್ಟರು. ಬೆರಳು ಹಣೆಗೆ ಹೋಯಿತು. ಎಲ್ಲಿಯೂ ನಿಲ್ಲದೆ ಜಾರಿತು, ಮತ್ತೆ ಮೇಲಕ್ಕೆ ಹೋಯಿತು, ಮತ್ತೆ ಜಾರಿತು...

"ಇದು ಯಾರದು?"

"ನಿಮ್ಮದ ಐತ್ರಿ," ಎಂದರು ಕಾಕು. "ನಿಮ್ಮ ಮುಂದನ ಕುದಿಸೇನಲ್ಲ."

"ಯಾರದರ ಇರಬಹುದು ಇದು."

ಮೊಳೆ ಹೊಡೆದಾಗಿತ್ತು, ತೂಗುಹಾಕಿದರು. ಬಂದವರೆಲ್ಲ ಹೊಗಳಿದರು. ಕಾಕಾ ಆ ಗೋಡೆಗೆ ಕೈ ಚಾಚಿದ್ದನ್ನು ನಾನು ಕಾಣೆ. ತೊಗಲು ಎಲ್ಲಿ ಒಗೆದಿ ಎಂದು ಮಾತ್ರ ಕಾಕುವನ್ನು ಕೇಳುತ್ತಿದ್ದರು. ಕಾಕು ಮೊದಮೊದಲು ರೇಗಿದರು. ಆಮೇಲೆ, "ಹೊಳ್ಯಾಗ ಬಿಟ್ಟ ಬಂದೇನ್ರಿ," ಎನ್ನತೊಡಗಿದರು. ನಾಯಿಗಳು ಎಳೆದುಕೊಂಡು ಹೋದದ್ದನ್ನು ನಾವಿಬ್ಬರೂ ನೋಡಿದ್ದೆವು.

ಮುಂದಿನ ಬೇಸಿಗೆಯನ್ನು ಕಾಕಾ ಕಾಣಲಿಲ್ಲ. ಹಳೆಯ ಸಾಮಾನು ಹುಡುಕುತ್ತ ಬಂದವರಿಗೆ ಕಾಕು ಬುರುಡೆಯನ್ನು ಕೊಟ್ಟುಬಿಟ್ಟರು.

ಅದಕ್ಕೇ ಖಾನಾವಳಿಯಲ್ಲಿ ಎದ್ದು ಗೋಡೆಯ ಹತ್ತಿರ ಹೋದೆ. ಸರ್ಜಾನದೇ ಆಗಿದ್ದರೆ? ಗುರುತು ಹಿಡಿಯಲು ಏನಿದೆ ಎಂದು ಯೋಚಿಸಿದೆ. ಸುಳಿಗಳು ಕೋಡುಗಳ ನಡುವೆ ಇದ್ದವೋ, ಕಣ್ಣಿನ ಮೇಲ್ಗಡೆಯೋ, ಎರಡೂ ಕಣ್ಣಿದ್ದ ನನಗೇ ನೆನಪಿಲ್ಲ. ನೆನಪಿರುವುದು ಸುತ್ತುವ ಒಂದು ಬೆರಳು ಮಾತ್ರ. ಕೈ ಎತ್ತಿ ಆ ಹಣೆಯನ್ನು ಮುಟ್ಟಿದೆ. ನುಣುಪು, ತಣ್ಣಗೆ.

ಬಡಿಸುವವನು ಹಿಂದೆ ಬಂದು ನಿಂತಿದ್ದ. "ಯಾಕ್ರೀ ಅಕ್ಕಾರ, ನಿಮ್ಮ ಮನೀದೇನ ಇದು?" ಎಂದು ನಕ್ಕ.

ಗೊತ್ತಿಲ್ಲ ಎಂದೆ.